ಅಪ್ಪನಿಗೆ ತಂದ ದಪ್ಪ ಮಚ್ಚು

ಕಳೆದ ದೀಪಾವಳಿಗೆ ಅಪ್ಪನಿಗೆಂದು ಆನ್‌ಲೈನ್‌ನಲ್ಲಿ ಮಚ್ಚೊಂದು ತರಿಸಿದ್ದೆ. 6 ಮಿ.ಮೀ. ದಪ್ಪ, ಬೆಲೆಯೂ ಅಷ್ಟೇ ದಪ್ಪ! ನಾಲ್ಕು ಎಳನೀರು ಕೆತ್ತುವಷ್ಟರಲ್ಲಿ ಅಪ್ಪ ಮಣಿಕಟ್ಟು ಹಿಡಿದುಕೊಂಡು ಕೂತರು. ಆಮೇಲೆ ಸುಮ್ಮನೆ ಎದ್ದು ಹೋಗಿ ಕುಲುಮೆಯಲ್ಲಿ ಮಾಡಿಸಿದ್ದ ಹಳೇ ಮಚ್ಚನ್ನೇ ತಂದರು.

ನನಗೆ ತಡೀಲಿಲ್ಲ, ಲೆಕ್ಕ ಹಾಕಿದೆ. 30 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಉಕ್ಕಿನ ಪಟ್ಟಿ 3 ಮಿ.ಮೀ. ದಪ್ಪವಿದ್ದರೆ ಸುಮಾರು 350 ಗ್ರಾಂ, 6 ಮಿ.ಮೀ. ಆದರೆ 700. ಭಾರ ಹೆಚ್ಚಿದಷ್ಟೂ ಏಟು ಜೋರು ಅಂದುಕೊಂಡಿದ್ದೆ. ಆದರೆ ವೇಗ ಅರ್ಧವಾದರೆ ಏಟಿನ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತೆ. ಕೈ ಸೋತಮೇಲೆ ಭಾರದ ಲಾಭ ಖಲಾಸ್. ಮೇಲಾಗಿ ದಪ್ಪ ಅಲಗು ಬೆಣೆ ಇದ್ದಹಾಗೆ. ಒಣ ಸೌದೆ ಸೀಳೋಕೆ ಸೈ, ಎಳನೀರಿನ ನಾರಿನ ಸಿಪ್ಪೆಯಲ್ಲಿ ಕಚ್ಚಿಕೊಂಡು ನಿಲ್ಲುತ್ತೆ. ತೆಳು ಅಲಗು ಸಲೀಸಾಗಿ ಇಳಿಯುತ್ತೆ ನಿಜ, ಆದರೆ ಗಟ್ಟಿ ಮರಕ್ಕೆ ಹೊಡೆದರೆ ಬಾಗೀತು: ದಪ್ಪ ಅರ್ಧವಾದರೆ ಬಿಗುವು ಎಂಟನೇ ಒಂದು ಪಾಲಿಗೆ ಬರುತ್ತೆ.

ಹಾಗಾದರೆ ನಾನು ದುಡ್ಡು ಕೊಟ್ಟಿದ್ದು ಯಾವುದಕ್ಕೆ? ಊರಿನ ಕುಲುಮೆಗೆ ಹೋಗಿ ನೋಡಿದೆ. ಲಾರಿಯ ಹಳೇ ಸ್ಪ್ರಿಂಗ್ ಪ್ಲೇಟೇ ಅಲ್ಲಿನ ಉಕ್ಕು, ಅದೇನು ದುಬಾರಿಯಲ್ಲ. ಬೆನ್ನು ದಪ್ಪ ಉಳಿಸಿ ಬಾಯಿಯ ಕಡೆ ತೆಳುವಾಗಿ ಬಡಿಯೋದು, ಕಾಸಿ ಅದ್ದುವಾಗ ಉದ್ದ ಅಲಗು ಸೊಟ್ಟಗಾಗದಂತೆ ನೋಡಿಕೊಳ್ಳೋದು... ಕೂಲಿ ಇರೋದು ಅಲ್ಲಿ. ಉದ್ದ ಹೆಚ್ಚಿದಷ್ಟೂ ಆ ಕಷ್ಟ ಜಾಸ್ತಿ. ನನ್ನ ಮಚ್ಚಿಗೆ ಬರೀ ಅಂಚು ಮಸೆದಿದ್ದರು, ಅಷ್ಟೇ.

ಅದೀಗ ಬಚ್ಚಲೊಲೆ ಪಕ್ಕದಲ್ಲಿದೆ. ಸೌದೆ ಸೀಳೋ ಪಾಳಿ ನನ್ನದು.