ಬಾನೆಟ್ ಒಳಗಿನ ರಾಟೆ

ಊರಿನ ಬಾವಿಯ ರಾಟೆ ಕಿರುಗುಟ್ಟತೊಡಗಿದರೆ ಅಜ್ಜಿ ನಾಲ್ಕು ತೊಟ್ಟು ತೆಂಗಿನೆಣ್ಣೆ ಬಿಡುತ್ತಿದ್ದರು, ಸದ್ದು ನಿಲ್ಲುತ್ತಿತ್ತು. ನಮ್ಮ ಕಾರಿನ ಬಾನೆಟ್ ಒಳಗೂ ಅಂಥ ನಾಲ್ಕಾರು ರಾಟೆಗಳಿವೆ. ಪುಲ್ಲಿ ಎನ್ನುತ್ತೇವೆ. ಅವು ಕಿರುಗುಟ್ಟಿದರೆ ಮಾತ್ರ ನಾವು ಹಾಡಿನ ಧ್ವನಿ ಜೋರು ಮಾಡಿಕೊಂಡು ಹೋಗುತ್ತೇವೆ. ನಾನೂ ಹಾಗೆ ಮಾಡಿದವನೇ.

ನಾಚಿಕೆಯ ವಿಷಯವೆಂದರೆ, ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ನನ್ನ ಕೆಲಸವೇ ಪಂಪುಗಳ ಬೇರಿಂಗ್ ಸದ್ದಿಗೆ ಕಿವಿಗೊಡುವುದು. 1949ರಲ್ಲಿ ಆರಂಭವಾದ ಆ ಸ್ಥಾವರದಲ್ಲಿ ಸಣ್ಣ ಗೊರಗೊರ ಕೇಳಿಸಿದರೂ ವರದಿ ಬರೆಯುವ ನಾನು, ಸ್ವಂತ ಕಾರಿನ ಸದ್ದನ್ನು ಎರಡು ತಿಂಗಳು ಸಹಿಸಿದೆ. ಒಂದು ಗ್ಯಾರೇಜಿನಲ್ಲಿ ಎರಡು ಸಲ ಬೆಲ್ಟ್ ಬದಲಿಸಿದರು. ವಾರ ಕಳೆಯುವುದರೊಳಗೆ ಸದ್ದು ಮತ್ತೆ ಹಾಜರು. ಜುಲೈ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ ಫಹಾಹೀಲ್ ಹೆದ್ದಾರಿಯಲ್ಲಿ ಬ್ಯಾಟರಿ ದೀಪ ಹತ್ತಿತು, ಏಸಿ ಬಿಸಿಗಾಳಿ ಊದಿತು, ಸ್ಟಿಯರಿಂಗ್ ಕಲ್ಲಿನಂತಾಯಿತು. ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಮಗಳು. ದೇವರು ದೊಡ್ಡವನು, ಒಬ್ಬ ಟ್ಯಾಕ್ಸಿಯವರು ಹತ್ತೇ ನಿಮಿಷದಲ್ಲಿ ನಿಲ್ಲಿಸಿ ಅವಳನ್ನೂ ಮನೆಯವರನ್ನೂ ತಂಪಿಗೆ ಕೂರಿಸಿಕೊಂಡರು. ಬೆಲ್ಟಿನದ್ದು ತಪ್ಪಿರಲಿಲ್ಲ. ಐಡ್ಲರ್ ಪುಲ್ಲಿಯ ಬೇರಿಂಗ್ ಬಿಗಿದು ನಿಂತು, ಹೊಸ ಬೆಲ್ಟನ್ನು ಸುಟ್ಟು ಹೊರಗೆ ಎಸೆದಿತ್ತು.

ಇಷ್ಟೆಲ್ಲ ಒಟ್ಟಿಗೆ ಕೆಡುವುದೇಕೆ? ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ ಒಂದೇ ಉದ್ದನೆಯ ಬೆಲ್ಟು ಕ್ರ್ಯಾಂಕಿನ ಪುಲ್ಲಿಯಿಂದ ಶಕ್ತಿ ಪಡೆದು ಆಲ್ಟರ್ನೇಟರ್, ಏಸಿ ಕಂಪ್ರೆಸರ್, ಹಲವು ಗಾಡಿಗಳಲ್ಲಿ ವಾಟರ್ ಪಂಪನ್ನೂ ತಿರುಗಿಸುತ್ತದೆ. ಅದಕ್ಕೆ ದಾರಿ ತೋರಿಸಲು ಐಡ್ಲರ್, ಬಿಗಿ ಕಾಯಲು ಸ್ಪ್ರಿಂಗ್ ಇರುವ ಟೆನ್ಷನರ್. ಇವೆರಡರ ಪುಲ್ಲಿಗಳು ಹೆಚ್ಚಾಗಿ ಪ್ಲಾಸ್ಟಿಕ್ಕಿನವು, ನಡುವೆ ಒಂದು ಮುಚ್ಚಿದ ಬೇರಿಂಗ್. ಒಳಗಿನ ಗ್ರೀಸು ಕಾರ್ಖಾನೆಯಲ್ಲಿ ತುಂಬಿದಷ್ಟೇ, ಅಜ್ಜಿಯ ತೆಂಗಿನೆಣ್ಣೆ ಇಲ್ಲಿ ನಡೆಯದು. ಕುವೈತಿನ ಬಿಸಿಲು ಆ ಗ್ರೀಸನ್ನು ಒಣಗಿಸುತ್ತದೆ, ಧೂಳುಗಾಳಿ ಅಂಚಿನ ಸೀಲನ್ನು ಸವೆಸುತ್ತದೆ. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾದಲ್ಲಿ ನೆರಳಿನ ತಾಪವೇ 53.9 ಡಿಗ್ರಿ ದಾಖಲಾಗಿತ್ತು. ಬಾನೆಟ್ ಒಳಗಿನದನ್ನು ನೀವೇ ಊಹಿಸಿ.

ಸದ್ದು ಬೆಲ್ಟಿನದೋ ಪುಲ್ಲಿಯದೋ? ಎಂಜಿನ್ ಓಡುವಾಗ ಬೆಲ್ಟಿನ ಮೇಲೆ, ದೂರದಿಂದಲೇ, ಸ್ಪ್ರೇ ಬಾಟಲಿಯಿಂದ ಒಂದಿಷ್ಟು ನೀರು ಚಿಮುಕಿಸಿ. ಕಿರಿಚಾಟ ಕ್ಷಣಕಾಲ ಬದಲಾದರೆ ಬೆಲ್ಟಿನ ಅಥವಾ ಅದರ ಬಿಗಿಯ ದೋಷವಿರಬಹುದು. ಗೊರಗೊರ ಹಾಗೆಯೇ ಉಳಿದರೆ ಬೇರಿಂಗಿನ ಮೇಲೆ ಅನುಮಾನ. ಖಚಿತವಾಗುವುದು ಬೆಲ್ಟ್ ತೆಗೆದ ಮೇಲೆ. ಒಂದೊಂದೇ ಪುಲ್ಲಿಯನ್ನು ಬೆರಳಿನಿಂದ ತಿರುಗಿಸಿ, ಆಮೇಲೆ ಹಿಡಿದು ಅಲ್ಲಾಡಿಸಿ. ಒಳ್ಳೆಯ ಪುಲ್ಲಿ ಸದ್ದಿಲ್ಲದೆ ನಯವಾಗಿ ತಿರುಗುತ್ತದೆ. ಕೆಟ್ಟದ್ದು ಮರಳು ತುಂಬಿದಂತೆ ಕರಕರ ಎನ್ನುತ್ತದೆ, ಇಲ್ಲವೇ ಗ್ರೀಸು ಪೂರ್ತಿ ಒಣಗಿ ಬುಗುರಿಯಂತೆ ಸುತ್ತುತ್ತಲೇ ಇರುತ್ತದೆ.

ಮನೆಯಲ್ಲಿ ಮಾಡಬಹುದಾದದ್ದು ಐಡ್ಲರ್ ಮತ್ತು ಟೆನ್ಷನರ್ ಪುಲ್ಲಿ ಮಾತ್ರ. ಕ್ರ್ಯಾಂಕ್ ಪುಲ್ಲಿಗೆ ಕೈ ಹಾಕಬೇಡಿ. ಅದರಲ್ಲಿ ಎರಡು ಲೋಹದ ಬಳೆಗಳ ನಡುವೆ ರಬ್ಬರ್ ಇರುತ್ತದೆ. ರಬ್ಬರ್ ಬಿಟ್ಟರೆ ಪುಲ್ಲಿ ಓಲಾಡುವುದು ಕಣ್ಣಿಗೇ ಕಾಣುತ್ತದೆ. ಆದರೆ ಅದರ ಬೋಲ್ಟ್ ಭಾರೀ ಬಿಗಿ, ಎಳೆಯಲು ಬೇರೆಯೇ ಸಾಧನ ಬೇಕು. ಸುತ್ತಿಗೆಯಿಂದ ಬಡಿದು ತೆಗೆಯಲು ಹೋಗಿ ಎಂಜಿನ್ನನ್ನೇ ಕೆಡಿಸಿಕೊಂಡವರಿದ್ದಾರೆ.

ಸಮಯದ ಮಾತು. ಜೂನ್ 1ರಿಂದ ಆಗಸ್ಟ್ 31ರವರೆಗೆ ಬೆಳಗ್ಗೆ 11ರಿಂದ ಸಂಜೆ 4ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವುದನ್ನು ಇಲ್ಲಿನ ಸರ್ಕಾರ ನಿಷೇಧಿಸಿದೆ. ನಮಗೆ ನಾವೇ ಯಜಮಾನರಾದಾಗಲೂ ಅದನ್ನು ಪಾಲಿಸೋಣ. ಬೆಳಗಿನ ಬಾಂಗ್ ಆದ ಮೇಲೆ, ಎಂಜಿನ್ ಪೂರ್ತಿ ಆರಿರುವಾಗ ಶುರು ಮಾಡಿದರೆ ತಿಂಡಿಯ ಹೊತ್ತಿಗೆ ಮುಗಿಯುತ್ತದೆ. ಕಟ್ಟಡದ ಹಾರಿಸ್‌ಗೆ ಮೊದಲೇ ಒಂದು ಮಾತು ಹೇಳಿಡಿ.

ಕೀ ಜೇಬಿನಲ್ಲಿರಲಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ರೇಡಿಯೇಟರ್ ಫ್ಯಾನು ಎಂಜಿನ್ ನಿಂತಿದ್ದರೂ ತಾನಾಗಿ ತಿರುಗಬಲ್ಲದು. ಉಂಗುರ, ವಾಚು ತೆಗೆದಿಡಿ. ಬೆಲ್ಟ್ ಸುತ್ತಿರುವ ದಾರಿಯನ್ನು ಕಾಗದದಲ್ಲಿ ಬರೆದುಕೊಳ್ಳಿ, ಮೊಬೈಲಿನಲ್ಲಿ ಫೋಟೋವನ್ನೂ ತೆಗೆಯಿರಿ. ಇದನ್ನು ಬಿಟ್ಟವರು ಆಮೇಲೆ ಅರ್ಧ ದಿನ ಒಗಟು ಬಿಡಿಸುತ್ತಾರೆ. ಟೆನ್ಷನರ್ ಮೇಲೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಸ್ಪ್ರಿಂಗಿನ ವಿರುದ್ಧ ನಿಧಾನವಾಗಿ ಎಳೆದರೆ ಬೆಲ್ಟ್ ಸಡಿಲವಾಗುತ್ತದೆ. ಒಂದು ಪುಲ್ಲಿಯಿಂದ ಬೆಲ್ಟ್ ಜಾರಿಸಿ, ಟೆನ್ಷನರನ್ನು ಮೆಲ್ಲಗೆ ಹಿಂದಕ್ಕೆ ಬಿಡಿ. ಕೈ ತಪ್ಪಿದರೆ ಬೆರಳು ಜಜ್ಜಿಹೋಗುತ್ತದೆ. ಕೆಲವು ಗಾಡಿಗಳಲ್ಲಿ ಕೆಳಗಿನಿಂದ ಕೈ ಹಾಕಬೇಕು. ಆಗ ಜಾಕನ್ನು ಮಾತ್ರ ನಂಬದೆ ಸ್ಟ್ಯಾಂಡ್ ಇಡಿ.

ಪುಲ್ಲಿ ನಿಂತಿರುವುದು ನಡುವಿನ ಒಂದೇ ಬೋಲ್ಟಿನ ಮೇಲೆ. ಬಿಚ್ಚುವಾಗ ಮಿಸುಕದಿದ್ದರೆ ಬಲ ಹಾಕುವ ಮೊದಲು ಯೋಚಿಸಿ. ಕೆಲವು ಟೆನ್ಷನರ್ ಬೋಲ್ಟುಗಳು ಎಡಸುತ್ತಿನವು. ಹಿಂದೆ ಮುಂದೆ ಇರುವ ವಾಷರುಗಳ ಕ್ರಮ ನೆನಪಿರಲಿ.

ಹಳೆಯ ಪುಲ್ಲಿಯನ್ನು ಕೈಯಲ್ಲೇ ಹಿಡಿದು ಶುವೈಖ್‌ನ ಅಂಗಡಿಗೆ ಹೋಗಿ, ಗಾಡಿಯ ಚಾಸಿ ನಂಬರನ್ನೂ ಒಯ್ಯಿರಿ. ವ್ಯಾಸ, ಅಗಲ, ಮೈ ನುಣುಪೋ ಗೀರಿನದೋ, ಬೇರಿಂಗ್ ನಡುವಿನಲ್ಲಿದೆಯೋ ಒಂದು ಬದಿಗಿದೆಯೋ ಎಂಬುದನ್ನು ಪಕ್ಕಪಕ್ಕ ಇಟ್ಟು ನೋಡಿ. ಬೇರಿಂಗಿನ ಅಂಚಿನಲ್ಲಿ 6203 ಎಂಬಂಥ ಸಂಖ್ಯೆ ಇರುತ್ತದೆ. ಈ 6203 ಎಂದರೆ ಒಳರಂಧ್ರ 17, ಹೊರವ್ಯಾಸ 40, ದಪ್ಪ 12 ಮಿಲಿಮೀಟರ್. ಬೇರಿಂಗ್ ಮಾತ್ರ ಬದಲಿಸಿದರೆ ಅಗ್ಗ ನಿಜ, ಆದರೆ ಪ್ಲಾಸ್ಟಿಕ್ ಪುಲ್ಲಿಯಲ್ಲಿ ಹೊಡೆದು ಕೂರಿಸುವಾಗ ಬಿರುಕು ಬರುತ್ತದೆ. ನಾನಂತೂ ಪೂರ್ತಿ ಪುಲ್ಲಿಯನ್ನೇ ಕೊಂಡೆ.

ಹೊಸದನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಿ. ಎಂಜಿನ್ನಿನ ಅಲ್ಯೂಮಿನಿಯಂ ಮರೆಗೆ ಅವಸರ ಆಗದು. ಕೊನೆಯ ಬಿಗಿ ಟಾರ್ಕ್ ರೆಂಚಿನಲ್ಲಿ, ಗಾಡಿಯ ಸರ್ವಿಸ್ ಪುಸ್ತಕ ಹೇಳಿದಷ್ಟೇ. ಬೆಲ್ಟ್ ಹಾಕಿದ ಮೇಲೆ ಟಾರ್ಚ್ ಹಿಡಿದು ಒಂದೊಂದು ಪುಲ್ಲಿಯನ್ನೂ ನೋಡಿ, ಬೆಲ್ಟಿನ ಒಂದು ಗೀರು ಹೊರಗುಳಿದಿದ್ದರೂ ಮೊದಲ ಸವಾರಿಯಲ್ಲೇ ಹರಿಯುತ್ತದೆ. ಬ್ಯಾಟರಿ ಜೋಡಿಸಿ, ಸ್ಪ್ಯಾನರುಗಳನ್ನು ಎಣಿಸಿಕೊಂಡು ಎಂಜಿನ್ ಚಾಲೂ ಮಾಡಿ. ಏಸಿ, ಹೆಡ್‌ಲೈಟ್ ಎರಡನ್ನೂ ಹಾಕಿ ಹತ್ತು ನಿಮಿಷ ಸದ್ದು ಕೇಳಿ. ಒಂದು ವಾರದ ನಂತರ, ತಣ್ಣಗಿರುವಾಗ, ಬೋಲ್ಟನ್ನೂ ಬೆಲ್ಟಿನ ಅಂಚನ್ನೂ ಮತ್ತೊಮ್ಮೆ ನೋಡಿ.

ಇಷ್ಟರೊಳಗೆ ದಾರಿಯಲ್ಲೇ ಬೆಲ್ಟ್ ಹೋದರೆ ‘ಮನೆ ಹತ್ತಿರವೇ ಇದೆ’ ಎಂದು ಓಡಿಸಬೇಡಿ, ನೀರು ಸುತ್ತದ ಎಂಜಿನ್ ಕೆಲವೇ ನಿಮಿಷಗಳಲ್ಲಿ ಕುದಿಯುತ್ತದೆ. ಬದಿಗೆ ನಿಲ್ಲಿಸಿ, ಎಲ್ಲರನ್ನೂ ತಡೆಗೋಡೆಯ ಆಚೆ ನೆರಳಿಗೆ ಕಳಿಸಿ, ತುರ್ತಿದ್ದರೆ 112ಕ್ಕೆ ಕರೆ ಮಾಡಿ. ನಮ್ಮ ಡಿಕ್ಕಿಯಲ್ಲಿ ಈಗ ಯಾವಾಗಲೂ ಆರು ಬಾಟಲಿ ನೀರು, ಒಂದು ಕೊಡೆ. ಕೊಡೆ ಮಗಳ ಆಯ್ಕೆ, ಗುಲಾಬಿ ಬಣ್ಣದ್ದು.