ತಿಪ್ಪೆಯ ಹುಳು: ಸಾಕುವುದು ಯಾವುದು, ಕೊಲ್ಲುವುದು ಯಾವುದು?

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳು ಮುಖ್ಯವಾಗಿ ಕಬ್ಬಿನ ಸೀಮೆ. ಕೃಷ್ಣೆ, ದೂಧಗಂಗೆ, ವೇದಗಂಗೆಯರ ನೀರುಂಡು ಬೆಳೆದ ಕಬ್ಬು ಅಲ್ಲಿನ ಸಕ್ಕರೆ ಕಾರ್ಖಾನೆಗಳಿಗೆ ಹೋಗುತ್ತದೆ. ನಿಪ್ಪಾಣಿಯ ಸುತ್ತ ಬೀಡಿ ತಂಬಾಕಿನ ಬೇಸಾಯ ಹೆಸರಾದುದು. ಅಡಿಕೆ ಮತ್ತು ಕಾಫಿ ಬೆಳೆಗಾರರ ಈ ಪತ್ರಿಕೆಯಲ್ಲಿ ಆ ಬಯಲುಸೀಮೆಯ ಮಾತೇಕೆ ಎಂದು ವಾಚಕರು ಕೇಳಬಹುದು. ಕಾರಣವಿದೆ. ಅಲ್ಲಿನ ಕಬ್ಬಿನ ಬೇರನ್ನೂ ಇಲ್ಲಿನ ಅಡಿಕೆಯ ಬೇರನ್ನೂ ತಿನ್ನುವುದು ಒಂದೇ ಕುಲದ ಹುಳು. ಅಲ್ಲಿಯವರು ಅದನ್ನು ಗೊಣ್ಣೆಹುಳು ಎನ್ನುತ್ತಾರೆ, ನಾವು ಬೇರುಹುಳು ಎನ್ನುತ್ತೇವೆ. ಲ್ಯೂಕೋಫೋಲಿಸ್ ಲೆಪಿಡೋಫೋರಾ ಎಂಬ ಜಾತಿಯಂತೂ ನದಿದಂಡೆಯ ಕಬ್ಬಿನಲ್ಲಿಯೂ ಮಲೆನಾಡಿನ ಅಡಿಕೆ ತೋಟದಲ್ಲಿಯೂ ಕಂಡುಬಂದಿದೆ.

ಈಚಿನ ವರ್ಷಗಳಲ್ಲಿ ಮನೆಯ ಹಿತ್ತಲಲ್ಲೇ ಹುಳು ಸಾಕಿ ಸಾವಯವ ಗೊಬ್ಬರ ಮಾಡುವ ಪದ್ಧತಿಗೆ ಎಲ್ಲೆಡೆ ಪ್ರಚಾರ ಸಿಗುತ್ತಿದೆ. ಪದ್ಧತಿ ಒಳ್ಳೆಯದೇ. ಆದರೆ ತಿಪ್ಪೆಯಲ್ಲಿ ಹೊರಳಾಡುವ ಹುಳುಗಳೆಲ್ಲ ರೈತನ ಮಿತ್ರರಲ್ಲ. ಗೊಬ್ಬರ ಮಾಡುತ್ತದೆಂದು ಸಾಕಿದ ಹುಳು ದುಂಬಿಯಾಗಿ ಹಾರಿ ತೆಂಗಿನ ಸುಳಿಯನ್ನು ಕೊರೆದರೆ ಗೊಬ್ಬರದ ಲಾಭ ಯಾರಿಗೆ? ಅದೇ ರೀತಿ, ಉಪಕಾರಿ ಹುಳುವನ್ನು ಶತ್ರುವೆಂದು ತಿಳಿದು ವಿಷ ಸುರಿದರೆ ಅದೂ ನಷ್ಟವೇ. ಆದ್ದರಿಂದ ಮೊದಲು ಹುಳುವಿನ ಗುರುತು, ಆಮೇಲೆ ಸಾಕಣೆ.

ಹಳೆಯ ಅನುಭವ

ಹುಳು ಸಾಕಿ ಗೊಬ್ಬರ ಪಡೆಯುವುದು ಕನ್ನಡ ನಾಡಿಗೆ ಹೊಸತಲ್ಲ. ರಾಮನಗರ, ಕೋಲಾರದ ಕಡೆ ರೇಷ್ಮೆ ಸಾಕುವ ಮನೆಗಳಲ್ಲಿ ತಟ್ಟೆ ಬದಲಿಸುವಾಗ ಬೀಳುವ ಹಿಕ್ಕೆಯನ್ನೂ ಉಳಿದ ಸೊಪ್ಪಿನ ಕಡ್ಡಿಯನ್ನೂ ಯಾರೂ ಬಿಸಾಡುವುದಿಲ್ಲ. ಗುಂಡಿಗೆ ಹಾಕಿ ಕೊಳೆಸಿ ಹಿಪ್ಪುನೇರಳೆ ತೋಟಕ್ಕೇ ಹಿಂದಿರುಗಿಸುತ್ತಾರೆ. ಹುಳು ಎಲೆಯನ್ನು ತಿಂದು ಪುಡಿಮಾಡಿ ಕೊಟ್ಟರೆ ಮಣ್ಣಿನ ಸೂಕ್ಷ್ಮಜೀವಿಗಳಿಗೆ ಉಳಿದ ಕೆಲಸ ಹಗುರ. ಕೀಟಗಳಿಂದ ಗೊಬ್ಬರ ಎಂಬುದರ ತತ್ತ್ವ ಇಷ್ಟೇ.

1980ರ ದಶಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ರಾಧಾ ಕಾಳೆ ಮತ್ತು ಸಂಗಡಿಗರು ಎರೆಹುಳುವಿನ ಮೇಲೆ ನಡೆಸಿದ ಕೆಲಸದಿಂದ ಎರೆಗೊಬ್ಬರದ ವಿದ್ಯೆ ನಮ್ಮ ಹಳ್ಳಿಗಳಿಗೆ ಬಂತು. ಎರೆಹುಳು ಕೀಟವಲ್ಲ ಎಂಬುದು ನಿಜ. ಅಡಿಕೆ ತೋಟದ ಕಸದ ಕೆಳಗೆ ಇರುವ, ಮುಟ್ಟಿದೊಡನೆ ಗೋಲಿಯಂತೆ ಸುತ್ತಿಕೊಳ್ಳುವ ಸಹಸ್ರಪದಿಯೂ ಕೀಟವಲ್ಲ. ಆದರೆ ಅದು ತೋಟದ ಕಸವನ್ನು ಗೊಬ್ಬರ ಮಾಡುವ ಬಗೆಯನ್ನು ಮಂಗಳೂರು ವಿಶ್ವವಿದ್ಯಾನಿಲಯದ ಸಂಶೋಧಕರು ಅಭ್ಯಾಸ ಮಾಡಿ 2006ರಲ್ಲಿ ಪ್ರಕಟಿಸಿದ್ದಾರೆ. ಈಗ ಹಿತ್ತಲಲ್ಲಿ ಸಾಕಲು ಹೇಳಲಾಗುತ್ತಿರುವ ನಿಜವಾದ ಕೀಟವೆಂದರೆ ಕಪ್ಪು ಸೈನಿಕ ನೊಣ.

ಕಪ್ಪು ಸೈನಿಕ ನೊಣ

ಅಮೆರಿಕ ಖಂಡದ ಮೂಲದ ಈ ನೊಣ ಇಂದು ಉಷ್ಣವಲಯದ ದೇಶಗಳಲ್ಲೆಲ್ಲ ಹರಡಿದೆ. ನೋಡಲು ಕಣಜದಂತೆ ಕಪ್ಪಗೆ, ಉದ್ದಕ್ಕೆ ಇರುತ್ತದೆ. ಕಚ್ಚುವುದಿಲ್ಲ, ಕುಟುಕುವುದಿಲ್ಲ. ಪ್ರೌಢ ನೊಣ ಆಹಾರಕ್ಕಾಗಿ ಅಲೆಯುವುದಿಲ್ಲವಾದ್ದರಿಂದ ಮನೆನೊಣದಂತೆ ಹೊಲಸಿನಿಂದ ಎದ್ದು ಅನ್ನದ ಮೇಲೆ ಕೂರುವ ಚಾಳಿ ಇದಕ್ಕಿಲ್ಲ. ಸುಮಾರು ಒಂದು ವಾರ ಬದುಕಿ, ಬಿಸಿಲಿನಲ್ಲಿ ಜೋಡಿಯಾಗಿ, ಮೊಟ್ಟೆ ಇಟ್ಟು ಸಾಯುತ್ತದೆ.

ಹೆಣ್ಣು ನೊಣ ಒಂದು ಸಲಕ್ಕೆ ಸುಮಾರು 500 ಅಥವಾ ಅದಕ್ಕಿಂತ ಹೆಚ್ಚು ಮೊಟ್ಟೆಗಳನ್ನು ಇಡುತ್ತದೆ. ಇಡುವುದು ಕೊಳೆತ ವಸ್ತುವಿನ ಮೇಲಲ್ಲ, ಅದರ ಸಮೀಪದ ಒಣ ಸಂದಿಯಲ್ಲಿ. ಸುಮಾರು 4 ದಿನಗಳಲ್ಲಿ ಮರಿ ಹೊರಬಂದು ಕಸಕ್ಕೆ ಇಳಿಯುತ್ತದೆ. ಎರಡು ಮೂರು ವಾರ ಎಡೆಬಿಡದೆ ತಿನ್ನುತ್ತದೆ. ಬೆಳೆದ ಮೇಲೆ ಬಣ್ಣ ಕಪ್ಪಾಗಿ, ತಿನ್ನುವುದನ್ನು ನಿಲ್ಲಿಸಿ, ಒಣ ಜಾಗ ಹುಡುಕಿಕೊಂಡು ತಾನಾಗಿ ಮೇಲೇರಿ ಹೊರಬರುತ್ತದೆ. ಈ ಗುಣದಿಂದಾಗಿ ಗೊಬ್ಬರದಿಂದ ಹುಳುವನ್ನು ಬೇರ್ಪಡಿಸುವ ಶ್ರಮ ಬಹಳಷ್ಟು ಉಳಿಯುತ್ತದೆ.

ಸಾಕುವ ಕ್ರಮ

ಅಗಲ ಬಾಯಿಯ ಪ್ಲಾಸ್ಟಿಕ್ ಟಬ್ಬು ಅಥವಾ ಸಿಮೆಂಟಿನ ತೊಟ್ಟಿ ಸಾಕು. ತಳದಲ್ಲಿ ನೀರು ಬಸಿಯಲು ತೂತುಗಳಿರಬೇಕು. ಒಂದು ಬದಿಗೆ ಹಲಗೆಯನ್ನು ಓರೆಯಾಗಿ ಇಟ್ಟು, ಅದರ ಮೇಲ್ತುದಿ ಟಬ್ಬಿನ ಹೊರಗೆ ಒಂದು ಡಬ್ಬಿಯ ಮೇಲೆ ಚಾಚುವಂತೆ ಮಾಡಬೇಕು. ಬೆಳೆದ ಹುಳುಗಳು ಈ ಹಲಗೆ ಹತ್ತಿ ಡಬ್ಬಿಗೆ ಬೀಳುತ್ತವೆ.

ಟಬ್ಬಿನೊಳಗೆ ತರಕಾರಿ ಸಿಪ್ಪೆ, ಕೊಳೆತ ಬಾಳೆ, ಪಪ್ಪಾಯಿ, ಮಿಕ್ಕ ಅನ್ನ ಮುಂತಾದುವನ್ನು ನಾಲ್ಕು ಬೆರಳು ದಪ್ಪಕ್ಕೆ ಹರಡಬೇಕು. ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವವಿದ್ದರೆ ಸರಿ. ನೀರು ನಿಂತರೆ ವಾಸನೆ ಹುಟ್ಟಿ ಮನೆನೊಣ ಮುತ್ತುತ್ತದೆ. ಆಗ ಒಣ ಎಲೆ, ಮರದ ಹೊಟ್ಟು ಅಥವಾ ಪುಡಿಮಾಡಿದ ರವದಿಯನ್ನು ಬೆರೆಸಬೇಕು. ಕಸದ ಮೇಲ್ಗಡೆ, ತಾಗದಂತೆ, ಒಳಗೆ ಸುಕ್ಕುಪದರವಿರುವ ರಟ್ಟಿನ ತುಂಡುಗಳನ್ನು ಕಟ್ಟಿದರೆ ನೊಣ ಆ ತೂತುಗಳಲ್ಲಿ ಮೊಟ್ಟೆ ಇಡುತ್ತದೆ. ಆಸುಪಾಸಿನಲ್ಲಿ ನೊಣವಿದ್ದರೆ ಅದೇ ಹುಡುಕಿಕೊಂಡು ಬರುತ್ತದೆ. ಇಲ್ಲವಾದರೆ ಸಾಕುವವರಿಂದ ಮರಿಗಳನ್ನು ತರಬೇಕಾಗುತ್ತದೆ.

ಟಬ್ಬು ನೆರಳಿನಲ್ಲಿರಬೇಕು. 25ರಿಂದ 30 ಡಿಗ್ರಿ ಸೆಲ್ಷಿಯಸ್ ಉಷ್ಣತೆ ಈ ಹುಳುವಿಗೆ ಹಿತ. ಅಥಣಿಯ ಬೇಸಿಗೆಯಲ್ಲಿ ತಗಡಿನ ಡ್ರಮ್ಮನ್ನು ಬಿಸಿಲಿಗಿಟ್ಟರೆ ಹುಳು ಬೆಂದುಹೋಗುತ್ತದೆ. ಮಲೆನಾಡಿನಲ್ಲಿ ಮಳೆನೀರು ಒಳನುಗ್ಗದಂತೆ ಮಾಡು ಬೇಕು. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ಕೃಷ್ಣೆಯ ಪ್ರವಾಹಗಳನ್ನು ಕಂಡ ನದಿದಂಡೆಯ ಊರುಗಳಲ್ಲಿ ತೊಟ್ಟಿಯನ್ನು ಎತ್ತರದ ಕಟ್ಟೆಯ ಮೇಲಿಡುವುದು ಲೇಸು. ಇರುವೆ ಈ ಸಾಕಣೆಯ ದೊಡ್ಡ ವೈರಿ. ಟಬ್ಬಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸುವುದೇ ಇದಕ್ಕೆ ಸುಲಭೋಪಾಯ.

ಹೊರಬಂದ ಹುಳುಗಳಲ್ಲಿ ಕೆಲವನ್ನು ಒಣ ಮಣ್ಣು ಅಥವಾ ಹೊಟ್ಟಿನಲ್ಲಿ ಬಿಟ್ಟರೆ ಕೋಶಾವಸ್ಥೆ ಕಳೆದು ಮುಂದಿನ ತಲೆಮಾರಿನ ನೊಣಗಳಾಗುತ್ತವೆ. ಉಳಿದವು ಕೋಳಿಗೂ ಮೀನಿಗೂ ಒಳ್ಳೆಯ ಆಹಾರ. ಕೊಳಕು ಚರಂಡಿ ಕಸದ ಮೇಲೆ ಬೆಳೆದ ಹುಳುವನ್ನು ಮಾತ್ರ ಕೋಳಿಗೆ ಕೊಡಬಾರದು.

ಟಬ್ಬಿನಲ್ಲಿ ಉಳಿಯುವ ಕಪ್ಪನೆಯ ಪುಡಿಯೇ ಗೊಬ್ಬರ. ಅದನ್ನು ಹಸಿಯಾಗಿ ಗಿಡದ ಬುಡಕ್ಕೆ ಹಾಕಬಾರದು. ಅದರ ಘಾಟಿಗೆ ಎಳೆಯ ಸಸಿ ಸುಡುತ್ತದೆ. ಮಣ್ಣು ಬೆರೆಸಿ ನೆರಳಿನಲ್ಲಿ ಮೂರು ನಾಲ್ಕು ವಾರ ಮಾಗಿಸಬೇಕು, ಅಥವಾ ಎರೆಗೊಬ್ಬರದ ತೊಟ್ಟಿಗೆ ಸ್ವಲ್ಪ ಸ್ವಲ್ಪವಾಗಿ ಸೇರಿಸಬೇಕು.

ಯಾವ ಕಸ ಆಗುತ್ತದೆ, ಯಾವುದು ಆಗದು

ಈ ಹುಳುವಿಗೆ ಮೆತ್ತನೆಯ, ರಸವುಳ್ಳ ಕಸ ಬೇಕು. ನಾರಿನ ಕಸ ಇದರ ಬಾಯಿಗೆ ಒಗ್ಗದು. ಕಬ್ಬಿನ ರವದಿ, ಅಡಿಕೆ ಹಾಳೆ, ಅಡಿಕೆ ಸಿಪ್ಪೆ, ತೆಂಗಿನ ಗರಿ ಇವನ್ನು ಟಬ್ಬಿಗೆ ತುಂಬಿ ಹುಳುವಿಗಾಗಿ ಕಾಯುವುದು ವ್ಯರ್ಥ. ಅವಕ್ಕೆ ಸಗಣಿ ಮತ್ತು ಎರೆಹುಳುವೇ ಸರಿ. ತೆಂಗಿನ ಗರಿಯಂಥ ಒರಟು ಕಸವನ್ನೂ ಎರೆಹುಳುವಿನಿಂದ ಗೊಬ್ಬರ ಮಾಡಬಹುದೆಂದು ಕಾಸರಗೋಡಿನ ಸಿ.ಪಿ.ಸಿ.ಆರ್.ಐ. ಸಂಸ್ಥೆ ತೋರಿಸಿಕೊಟ್ಟಿದೆ. ಕಬ್ಬಿನ ಸೀಮೆಯಲ್ಲಿ ಕಟಾವಾದ ಬಳಿಕ ರವದಿಗೆ ಬೆಂಕಿ ಇಡುವ ಬದಲು ಸಾಲಿನಲ್ಲೇ ಹೊದಿಸಿದರೆ ಅಥವಾ ಸಗಣಿನೀರು ಚಿಮುಕಿಸಿ ಕೊಳೆಸಿದರೆ ಹೊಲದ ಸತ್ವ ಹೊಲದಲ್ಲೇ ಉಳಿಯುತ್ತದೆ.

ಕಾಫಿ ಬೆಳೆಗಾರರಿಗೆ ಒಂದು ಮಾತು. ಪಲ್ಪಿಂಗ್ ಆದ ಮೇಲೆ ಉಳಿಯುವ ಹಣ್ಣಿನ ಸಿಪ್ಪೆಯ ಮೇಲೆ ಈ ಹುಳುವನ್ನು ಬೆಳೆಸಿದ ಪ್ರಯೋಗ 1990ರಲ್ಲೇ ವಿಜ್ಞಾನ ಪತ್ರಿಕೆಯಲ್ಲಿ ವರದಿಯಾಗಿದೆ. ತೋಟದವರು ಸಣ್ಣ ಪ್ರಮಾಣದಲ್ಲಿ ತರಕಾರಿ ಕಸದೊಡನೆ ಬೆರೆಸಿ ಪರೀಕ್ಷಿಸಿ ನೋಡಬಹುದು.

ನಿಪ್ಪಾಣಿಯ ಕಡೆಯವರು ತಂಬಾಕಿನ ಪುಡಿ, ಕಡ್ಡಿಗಳನ್ನು ಟಬ್ಬಿಗೆ ಹಾಕಲೇಬಾರದು. ತಂಬಾಕಿನ ಕಷಾಯ ಕೀಟಗಳನ್ನು ಕೊಲ್ಲುವ ಹಳೆಯ ಮದ್ದು. ಅದರ ನಿಕೋಟಿನ್ ಸಾಕಿದ ಹುಳುವಿಗೂ ವಿಷವೇ.

ಹುಳು ಗುರುತಿಸುವ ಬಗೆ

ತಿಪ್ಪೆ ಕೆದಕಿದಾಗ ಸಿಗುವ ಹುಳುಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಒಂದನೆಯದು, ಕಪ್ಪು ಸೈನಿಕ ನೊಣದ ಮರಿ. ಚಪ್ಪಟೆ ಮೈ, ಒರಟು ಚರ್ಮ, ಬೂದು ಅಥವಾ ಕಂದು ಬಣ್ಣ, ಚೂಪಾದ ಸಣ್ಣ ತಲೆ. ಕಾಲುಗಳಿಲ್ಲ. ಉದ್ದ ಎರಡು ಸೆಂಟಿಮೀಟರ್ ಆಸುಪಾಸು. ಇದು ಸಾಕುವ ಹುಳು.

ಎರಡನೆಯದು, ಕುರುವಾಯಿ ಅಥವಾ ಕೊಂಬಿನ ದುಂಬಿಯ ಮರಿ. ಹೆಬ್ಬೆರಳಿನಷ್ಟು ದಪ್ಪಗಿದ್ದು, ಬಿಳಿಯ ಮೈಯನ್ನು ಅರ್ಧಚಂದ್ರದಂತೆ ಬಾಗಿಸಿಕೊಂಡು, ಕಂದು ತಲೆ ಮತ್ತು ಮೂರು ಜೊತೆ ಕಾಲುಗಳೊಡನೆ ಇರುತ್ತದೆ. ಇದೂ ಸಗಣಿಯನ್ನು ತಿಂದು ಪುಡಿಮಾಡುತ್ತದೆ ನಿಜ. ಆದರೆ ದುಂಬಿಯಾದ ಮೇಲೆ ತೆಂಗಿನ ಸುಳಿಗೆ ಹೋಗುತ್ತದೆ. ತಿಂಗಳುಗಟ್ಟಲೆ ಕದಲಿಸದೆ ಬಿಟ್ಟ ತಿಪ್ಪೆಯೇ ಇದರ ತವರು. ಕಂಡಲ್ಲಿ ಆರಿಸಿ ಕೊಲ್ಲಬೇಕು.

ಮೂರನೆಯದು, ಹೂದುಂಬಿಯ ಮರಿ. ಇದೂ ಬಾಗಿದ ಬಿಳಿ ಹುಳುವೇ. ನೆಲದ ಮೇಲೆ ಬಿಟ್ಟರೆ ಅಂಗಾತನೆ ತಿರುಗಿ, ಕಾಲು ಮೇಲೆ ಮಾಡಿ, ಬೆನ್ನಿನ ಮೇಲೆಯೇ ತೆವಳಿಕೊಂಡು ಹೋಗುತ್ತದೆ. ಬೇರೆ ಯಾವ ಗೊಣ್ಣೆಗೂ ಈ ನಡೆ ಇಲ್ಲ. ಇದು ಸಾಮಾನ್ಯವಾಗಿ ಕೊಳೆತದ್ದನ್ನೇ ತಿನ್ನುತ್ತದೆ. ತಿಪ್ಪೆಯಲ್ಲಿದ್ದರೆ ಇರಲಿ.

ನಾಲ್ಕನೆಯದೇ ಗೊಣ್ಣೆಹುಳು, ನಮ್ಮ ಬೇರುಹುಳು. ಕಾಲಿನ ಮೇಲೆ ಅಥವಾ ಪಕ್ಕಕ್ಕೆ ಹೊರಳಿ ಮಣ್ಣಿನೊಳಗೆ ಇಳಿಯಲು ನೋಡುತ್ತದೆ. ಇದರ ನಿಜವಾದ ಮನೆ ತಿಪ್ಪೆಯಲ್ಲ, ಬೆಳೆಯ ಬುಡದ ಮಣ್ಣು. ಇದು ಬಿದ್ದ ಕಬ್ಬು ಹಳದಿಯಾಗಿ ಒಣಗುತ್ತದೆ. ಹಿಡಿದು ಎಳೆದರೆ ಇಡೀ ಗುಂಪು ಬೇರಿಲ್ಲದೆ ಕೈಗೆ ಬರುತ್ತದೆ. ಅಡಿಕೆಯಲ್ಲಿ ಸೋಗೆ ಹಳದಿಯಾಗಿ, ಮರ ಸೊರಗಿ, ಫಸಲು ಕುಗ್ಗುತ್ತದೆ.

ಹೊರಳಾಡುವ ಬಿಳಿ ಹುಳು ಕಂಡೊಡನೆ ಅಂಗೈಯಷ್ಟು ಸಮನೆಲದಲ್ಲಿ ಬಿಟ್ಟು ಒಂದು ನಿಮಿಷ ನಡೆ ನೋಡಿದರೆ ಸಾಕು. ಖರ್ಚಿಲ್ಲದ ಪರೀಕ್ಷೆ ಇದು. ಮಕ್ಕಳಿಗೂ ಕಲಿಸಬಹುದು.

ಶತ್ರುವಿನ ನಿಗ್ರಹ

ಮುಂಗಾರಿಗೆ ಮುಂಚಿನ ಹದಮಳೆ ಬಿದ್ದ ಸಂಜೆ ಹೊಲೊಟ್ರೈಕಿಯಾ ಜಾತಿಯ ದುಂಬಿಗಳು ನೆಲದಿಂದ ಎದ್ದು ಬೇವು, ಜಾಲಿ ಮರಗಳಿಗೆ ಮುತ್ತುತ್ತವೆ. ಆಗ ಕೊಂಬೆ ಅಲುಗಿಸಿ ಕೆಡವಿ, ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ ಕೊಲ್ಲಬಹುದು. ಅಡಿಕೆಯ ಬೇರುಹುಳುವಿನ ದುಂಬಿಗಳನ್ನು ಮಳೆಗಾಲದ ಆರಂಭದಲ್ಲಿ ಮುಸ್ಸಂಜೆಯ ಹೊತ್ತು ತೋಟದಲ್ಲೇ ಹಿಡಿಯಬೇಕು. ಒಂದು ಹೆಣ್ಣುದುಂಬಿ ಸತ್ತರೆ ಅದರ ಮೊಟ್ಟೆಗಳೂ ಹೋದವು. ಆದರೆ ಒಬ್ಬನೇ ಹಿಡಿದು ನೆರೆಯವನು ಸುಮ್ಮನಿದ್ದರೆ ಫಲವಿಲ್ಲ. ಊರು ಕೂಡಿ ಮಾಡುವ ಕೆಲಸ ಇದು.

ಹಿಂಗಾರಿನಲ್ಲಿ ಉಳುವಾಗ ನೇಗಿಲ ಹಿಂದೆ ಬರುವ ಬೆಳ್ಳಕ್ಕಿ, ಕಾಗೆಗಳನ್ನು ಓಡಿಸಬಾರದು. ಮೇಲೆ ಬಂದ ಹುಳುವನ್ನು ಅವು ಕೂಲಿಯಿಲ್ಲದೆ ಆರಿಸುತ್ತವೆ. ಮಣ್ಣಿನಲ್ಲಿ ಗೊಣ್ಣೆಗೆ ರೋಗ ತರುವ ಮೆಟಾರೈಜಿಯಂ ಎಂಬ ಹಸಿರು ಶಿಲೀಂಧ್ರವನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕಬ್ಬಿನ ರೈತರಲ್ಲಿ ಪ್ರಚಾರಕ್ಕೆ ತಂದಿದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ಮಣ್ಣಿನಲ್ಲಿ ತೇವವಿರುವಾಗ, ಹುಳು ಇನ್ನೂ ಎಳೆಯದಾಗಿರುವಾಗ ಬುಡಕ್ಕೆ ಕೊಡಬೇಕು. ಬೆಳೆದ ಹುಳು ಆಳಕ್ಕಿಳಿದ ಮೇಲೆ ಕೊಟ್ಟದ್ದು ವ್ಯರ್ಥ. ಆ ಪುಡಿಯನ್ನು ಹುಳು ಸಾಕುವ ಟಬ್ಬಿನ ಹತ್ತಿರ ತರಬಾರದು.

ತಿಪ್ಪೆಯನ್ನು ತಿಂಗಳಿಗೊಮ್ಮೆ ತಿರುವಿಹಾಕಬೇಕು. ಅರೆಕೊಳೆತ ಗೊಬ್ಬರವನ್ನು ಹೊಲಕ್ಕಾಗಲಿ ತೋಟಕ್ಕಾಗಲಿ ಸಾಗಿಸಬಾರದು. ಗಾಡಿ ತುಂಬುವ ಮುನ್ನ ಹಾರೆಯಿಂದ ಕೆದಕಿ ಕೋಳಿಗಳನ್ನು ಬಿಟ್ಟರೆ ಉಳಿದ ಹುಳುಗಳನ್ನು ಅವೇ ಆರಿಸುತ್ತವೆ.

ಲೆಕ್ಕ

ಕೊನೆಗೆ, ಈ ಸಾಕಣೆಯಿಂದ ಎಷ್ಟು ಗೊಬ್ಬರ? ಒಂದು ಮನೆಯಲ್ಲಿ ದಿನಕ್ಕೆ ಒಂದು ಕಿಲೋ ಹಸಿ ಕಸ ಹೊರಡುತ್ತದೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ 365 ಕಿಲೋ. ಹುಳು ತಿಂದು ನೀರಾರಿ ಉಳಿಯುವುದು ಅದರ ಕಾಲುಭಾಗವೆಂದರೆ ಸುಮಾರು 90 ಕಿಲೋ ಗೊಬ್ಬರ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿರೆಲೆಯೊಡನೆ 12 ಕಿಲೋ ಕೊಳೆತ ಗೊಬ್ಬರ ಎಂಬುದು ಶಿಫಾರಸು. ಅಂದರೆ ಒಂದು ಮನೆಯ ಕಸ ಏಳು ಮರಗಳಿಗೆ ಸಾಕು, ಎಂಟನೆಯದಕ್ಕೆ ಸಾಲದು. ಎಕರೆಗೆ ಟನ್ನುಗಟ್ಟಲೆ ಗೊಬ್ಬರ ಬೇಡುವ ಕಬ್ಬಿನ ಮಾತಂತೂ ಎತ್ತುವಂತಿಲ್ಲ.

ಆದ್ದರಿಂದ ಟಬ್ಬಿನ ಹುಳು ಕೊಟ್ಟಿಗೆಯ ದನಕ್ಕೆ ಬದಲಿಯಲ್ಲ. ಹಿತ್ತಲಿನ ತರಕಾರಿ, ಹೂಗಿಡ, ಅಡಿಕೆ ಮತ್ತು ಕಾಫಿ ಸಸಿಮಡಿಯ ಮಣ್ಣುಮಿಶ್ರಣ, ನಾಲ್ಕಾರು ಕೋಳಿಗಳ ಮೇವು ಇಷ್ಟಕ್ಕೆ ಅದು ಉತ್ತಮ ಸಹಾಯಿ. ಎಕರೆಗಟ್ಟಲೆ ಗೊಬ್ಬರವಾಗುತ್ತದೆಂದು ಹೇಳಿ ದುಬಾರಿ ಸಲಕರಣೆ ಮಾರಲು ಬರುವವರ ಮುಂದೆ ಈ ಲೆಕ್ಕವನ್ನು ಇಡಬೇಕು. ತೋಟದ ಗೊಬ್ಬರ ಬರಬೇಕಾದ್ದು ತೋಟದ ಸೋಗೆ, ಹಾಳೆ, ಸಗಣಿಯಿಂದಲೇ. ಹೊಲದ ಗೊಬ್ಬರ ಹೊಲದ ರವದಿಯಿಂದಲೇ.

ಮುಂಗಾರು ಹತ್ತಿರವಾಗುತ್ತಿದ್ದಂತೆ ಸದಸ್ಯ ಬಾಂಧವರು ತಮ್ಮ ತಮ್ಮ ಗೊಬ್ಬರದ ಗುಂಡಿಯನ್ನು ಒಮ್ಮೆ ಕೆದಕಿ ನೋಡಬೇಕು. ಒಳಗಿರುವುದು ಯಾರೆಂದು ತಿಳಿದ ಮೇಲೆಯೇ ಗಾಡಿ ಕಟ್ಟಬೇಕು.