ಮನೆಯವರನ್ನು ಯಾರೂ ಕೇಳಿರಲಿಲ್ಲ

ಹತ್ತರಗಿ, ಯಮಕನಮರಡಿ, ಹುಕ್ಕೇರಿ, ಗೋಕಾಕ ಕಡೆಯ ಊರುಗಳಲ್ಲಿ ಯಾರ ಮನೆಯ ಬಗ್ಗೆಯಾದರೂ ‘ಅವನ್ನ ಧಾರವಾಡಕ್ಕ ಒಯ್ದಾರಂತ’ ಎಂದರೆ ಮುಂದಿನದನ್ನು ಯಾರೂ ಕೇಳುವುದಿಲ್ಲ. 1845ರಲ್ಲಿ ಶುರುವಾದ ಧಾರವಾಡದ ಮಾನಸಿಕ ಆಸ್ಪತ್ರೆ, ಈಗಿನ ಡಿಮ್ಹಾನ್ಸ್, ಈ ಸೀಮೆಯವರಿಗೆಲ್ಲ ಕೊನೆಯ ಬಾಗಿಲು. ಅಲ್ಲಿಗೆ ಹೋಗುವ ಮೊದಲು ಚಿಂಚಲಿ ಮಾಯಕ್ಕನ ಭಂಡಾರ ಹಚ್ಚಿ ಆಗಿರುತ್ತದೆ, ದರ್ಗಾದ ಅಂಗಾರ ಇಟ್ಟು ಆಗಿರುತ್ತದೆ, ಹೇಳಿಕೆ ಕೇಳಿ ತಾಯಿತ ಕಟ್ಟಿಸಿ ಆಗಿರುತ್ತದೆ. ಆಮೇಲೆ ಹೆದ್ದಾರಿಗೆ ಬಂದು ಬಸ್ ಹಿಡಿದು, ಬೆಳಗಾವಿ ದಾಟಿ, ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಆಸ್ಪತ್ರೆಯ ದಪ್ತರದಲ್ಲಿ ರೋಗಿಯ ಹೆಸರು ಬರೆದುಕೊಳ್ಳುತ್ತಾರೆ. ಕೈಹಿಡಿದು ಕರೆತಂದ ತಾಯಿಗೆ, ಹೆಂಡತಿಗೆ, ತಮ್ಮನಿಗೆ ‘ನಿಮಗೆ ಏನಾಗಿದೆ?’ ಎಂದು ಕೇಳುವ ಪದ್ಧತಿ ಬಹಳ ಕಾಲ ಆಸ್ಪತ್ರೆಗಳಲ್ಲಿ ಇರಲಿಲ್ಲ. ಆ ಪ್ರಶ್ನೆಯನ್ನು ಹುಡುಕಿಕೊಂಡದ್ದರಲ್ಲಿ ಕರ್ನಾಟಕದ ಪಾಲು ದೊಡ್ಡದು. ನಮ್ಮಲ್ಲಿ ಅದು ತಿಳಿದವರು ಕಡಿಮೆ.

ಮೊದಲು ಗೋಡೆಗಳ ಕಾಲ. ರೋಗಿಯನ್ನು ಒಳಗೆ ಬಿಟ್ಟು ಮನೆಯವರು ಗೇಟಿನಿಂದಲೇ ಹಿಂತಿರುಗಬೇಕು. ಎಷ್ಟೋ ಮಂದಿ ಮತ್ತೆ ಬರುತ್ತಲೇ ಇರಲಿಲ್ಲ. ಅದಕ್ಕಿಂತ ಕ್ರೂರವಾದದ್ದು ಇನ್ನೊಂದಿತ್ತು. 1948ರಲ್ಲಿ ಅಮೆರಿಕದಲ್ಲಿದ್ದ ಮನೋವೈದ್ಯೆ ಫ್ರೀಡಾ ಫ್ರಾಮ್-ರೈಕ್‌ಮನ್ ಅವರ ಬರಹದಿಂದ, ಮಕ್ಕಳಿಗೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಬರುವುದಕ್ಕೆ ತಾಯಿಯ ನಡವಳಿಕೆಯೇ ಕಾರಣ ಎಂಬ ವಾದ ಹಬ್ಬಿತು. ಮಗನನ್ನು ರಾತ್ರಿಯಿಡೀ ಕಾಯುವ ತಾಯಿಯ ಮೇಲೆಯೇ ತಪ್ಪು ಹೊರಿಸಿದ ಆ ವಾದ ಮುಂದೆ ಬಿದ್ದುಹೋಯಿತು. ಬೀಳುವ ಮೊದಲು ಎಷ್ಟು ತಾಯಂದಿರನ್ನು ಸುಟ್ಟಿತೋ.

ಅದೇ ಕಾಲಕ್ಕೆ ಪಂಜಾಬಿನಲ್ಲಿ ಬೇರೆಯದೇ ಒಂದು ನಡೆಯುತ್ತಿತ್ತು. ದೇಶ ಇಬ್ಭಾಗವಾದ ಮೇಲೆ 1950ರಲ್ಲಿ ಲಾಹೋರಿನ ಮಾನಸಿಕ ಆಸ್ಪತ್ರೆಯಿಂದ ಸುಮಾರು 450 ಹಿಂದೂ, ಸಿಖ್ ರೋಗಿಗಳನ್ನು ಅಮೃತಸರಕ್ಕೆ ಕಳಿಸಿದರು. ಮಂಟೋ ಬರೆದ ‘ಟೋಬಾ ಟೇಕ್ ಸಿಂಗ್’ ಕತೆಯ ಹಿಂದಿರುವುದು ಈ ಅದಲುಬದಲೇ. ಅಮೃತಸರದ ಆಸ್ಪತ್ರೆಯಲ್ಲಿ ಜಾಗವಿಲ್ಲ, ಸಿಬ್ಬಂದಿಯಿಲ್ಲ. ಅದರ ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರೂ ಅಲ್ಲೇ ಉಳಿಯಬೇಕು ಎಂದರು. ಅಡುಗೆ ಅವರದೇ, ಆರೈಕೆಯೂ ಅವರದೇ. ಎಲ್ಲರನ್ನೂ ಒಟ್ಟಿಗೆ ಕೂರಿಸಿಕೊಂಡು ಮನಸ್ಸಿನ ಆರೋಗ್ಯದ ಬಗ್ಗೆ ಅವರಿಗೆ ತಿಳಿಯುವ ಮಾತಿನಲ್ಲಿ ಹೇಳುತ್ತಿದ್ದರು.

ಇಕ್ಕಟ್ಟಿನಿಂದ ಹುಟ್ಟಿದ ಏರ್ಪಾಡಿನಲ್ಲಿ ಒಂದೊಂದಾಗಿ ಗುಣಗಳು ಕಂಡವು. ಪಕ್ಕದ ಡೇರೆಯವನು ವಾಸಿಯಾಗುವುದನ್ನು ಕಣ್ಣಾರೆ ಕಂಡವರಿಗೆ ‘ಇದು ವಾಸಿಯಾಗುವ ರೋಗವಲ್ಲ’ ಎಂಬ ನಂಬಿಕೆ ಸಡಿಲವಾಯಿತು. ಸಿಟ್ಟಿಗೆದ್ದಾಗ ಹೇಗೆ ಮಾತಾಡಬೇಕು, ಔಷಧ ಹೇಗೆ ಕೊಡಬೇಕು ಎಂಬುದನ್ನು ನೋಡಿ ಕಲಿತರು. ಮನೆಯವರು ಜೊತೆಗೇ ಇದ್ದುದರಿಂದ ಬಿಟ್ಟುಹೋಗುವ ಮಾತೇ ಉಳಿಯಲಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು 1957ರಲ್ಲಿ ಮಾನಸಿಕ ಆರೋಗ್ಯ ಕೇಂದ್ರ ತೆರೆದಾಗ ಅಲ್ಲಿಯೂ ಮನೆಯವರು ರೋಗಿಯ ಜೊತೆ ಉಳಿಯತೊಡಗಿದರು. ಬೆಂಗಳೂರಿನ ನಿಮ್ಹಾನ್ಸ್ ಕೂಡ ಮುಂದೆ ಆ ದಾರಿ ಹಿಡಿಯಿತು.

ಲಂಡನ್ನಿನಲ್ಲಿ ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ ಬೇರೊಂದು ಒಗಟು ಬಿಡಿಸುತ್ತಿದ್ದರು. ಆಸ್ಪತ್ರೆಯಿಂದ ಬಿಡುಗಡೆಯಾದವರಲ್ಲಿ ತಂದೆತಾಯಿ ಅಥವಾ ಹೆಂಡತಿಯ ಬಳಿಗೆ ಮರಳಿದವರಿಗೆ, ಬಾಡಿಗೆ ಕೋಣೆಗೆ ಹೋದವರಿಗಿಂತ ಹೆಚ್ಚಾಗಿ ರೋಗ ಮರುಕಳಿಸುತ್ತಿತ್ತು. ಏಕೆ? 1972ರಲ್ಲಿ ಬ್ರೌನ್ ಮತ್ತು ಸಂಗಡಿಗರಾದ ಬರ್ಲಿ, ವಿಂಗ್ ಉತ್ತರ ಕೊಟ್ಟರು. ಮನೆಯಲ್ಲಿ ಸದಾ ಬೈಗುಳ, ಹಗೆತನ ಅಥವಾ ಉಸಿರುಗಟ್ಟಿಸುವಷ್ಟು ಕಾಳಜಿ ಇದ್ದ ಕಡೆ ಒಂಬತ್ತು ತಿಂಗಳಲ್ಲಿ ಶೇ. 58 ಮಂದಿಗೆ ರೋಗ ಮರಳಿತು. ಶಾಂತವಾಗಿದ್ದ ಮನೆಗಳಲ್ಲಿ ಶೇ. 16 ಮಂದಿಗೆ. ಚಂಡೀಗಢದಲ್ಲಿ ಡಾ. ಎನ್. ಎನ್. ವಿಗ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಇದನ್ನೇ ಅಳೆದಾಗ ಅಂಥ ಬಿಗುವಿನ ಮನೆಗಳು ಲಂಡನ್ನಿಗಿಂತ ಬಹಳ ಕಡಿಮೆ ಸಿಕ್ಕವು, ಹಳ್ಳಿಗಳಲ್ಲಂತೂ ಇನ್ನೂ ಕಡಿಮೆ. ಇದನ್ನು ಕೇಳಿ ನಾವು ಹಿಗ್ಗಬೇಕಿಲ್ಲ. ಮನೆಯವರು ಬೈಯದೆ ಸಹಿಸಿಕೊಂಡರು ಎಂದರೆ ಅವರಿಗೆ ಏನೂ ಆಗಿಲ್ಲ ಎಂದಲ್ಲ. ಏನಾಗಿದೆ ಎಂದು ಕೇಳಿದವರು ಬೆಂಗಳೂರಿನಲ್ಲಿದ್ದರು.

ಮನೋವೈದ್ಯ ಡಾ. ಆರ್. ಎಲ್. ಕಪೂರ್ ಉತ್ತರ ಭಾರತದವರು, ಎಡಿನ್‌ಬರೋದಲ್ಲಿ ಕಲಿತವರು. 1970ರ ದಶಕದ ಮೊದಲಲ್ಲಿ ಅವರು ಕ್ಷೇತ್ರಕಾರ್ಯಕ್ಕೆ ಆರಿಸಿಕೊಂಡದ್ದು ಶಿವರಾಮ ಕಾರಂತರು ಹುಟ್ಟಿದ ಕೋಟವನ್ನು. ಅಲ್ಲಿಯ ಬ್ರಾಹ್ಮಣರು, ಬಂಟರು, ಮೊಗೇರರು ಮನಸ್ಸಿನ ಸಂಕಟವನ್ನು ಹೇಗೆ ಅನುಭವಿಸುತ್ತಾರೆ, ಯಾರ ಬಳಿ ಹೋಗುತ್ತಾರೆ ಎಂದು ಮನೆಮನೆ ತಿರುಗಿ ಕೇಳಿದರು. ಬ್ರಿಟಿಷ್ ಮನೋವೈದ್ಯ ಕಾರ್ಸ್ಟೇರ್ಸ್ ಜೊತೆಗೂಡಿ ಬರೆದ ಪುಸ್ತಕ 1976ರಲ್ಲಿ ಬಂತು. ಆಸ್ಪತ್ರೆಯ ಹೊರಗೆ, ಜನರ ಜಗುಲಿಯ ಮೇಲೆ ಕುಳಿತು ಕೇಳುವ ಈ ಅಭ್ಯಾಸವೇ ಮುಂದಿನದಕ್ಕೆ ದಾರಿ ಮಾಡಿತೆಂದು ನನಗೆ ಅನಿಸುತ್ತದೆ.

1981ರಲ್ಲಿ ಬೆಂಗಳೂರಿನ ಸಂಶೋಧಕಿ ಶೈಲಾ ಪೈ ಮತ್ತು ಕಪೂರ್ ಒಂದು ಪ್ರಶ್ನಾವಳಿ ಪ್ರಕಟಿಸಿದರು. ರೋಗಿಯ ಲಕ್ಷಣಗಳ ಪಟ್ಟಿ ಅದಲ್ಲ, ಮನೆಯ ಮೇಲೆ ಬಿದ್ದ ಹೊರೆಯ ಲೆಕ್ಕ. ದುಡಿಯುವವನ ಗಳಿಕೆ ನಿಂತಿತೇ? ಅವನನ್ನು ನೋಡಿಕೊಳ್ಳಲು ಇನ್ನೊಬ್ಬರು ಕೆಲಸ ಬಿಟ್ಟರೇ? ಸಾಲ ಮಾಡಿದಿರಾ? ಮಾಡಬೇಕೆಂದಿದ್ದ ಯಾವ ಕೆಲಸ ಹಣವಿಲ್ಲದೆ ನಿಂತುಹೋಯಿತು? ಉಳಿದ ಮಕ್ಕಳ ಕಡೆಗೆ ಗಮನ ತಪ್ಪಿತೇ? ನೆಂಟರು, ನೆರೆಯವರು ಬರುವುದನ್ನು ಬಿಟ್ಟರೇ? ಅವನ ವಿಷಯಕ್ಕೆ ಮನೆಯಲ್ಲಿ ಜಗಳಗಳಾಗುತ್ತವೆಯೇ? ಯಾರಿಗಾದರೂ ನಿದ್ದೆ ಹೋಯಿತೇ, ಮೈ ಇಳಿಯಿತೇ? ಆರು ಭಾಗ, 24 ಅಂಶ. ಒಂದೊಂದಕ್ಕೂ ಹೊರೆ ಇಲ್ಲ, ಸಾಧಾರಣ, ತೀವ್ರ ಎಂದು ಗುರುತು.

ನಮ್ಮ ಊರುಗಳ ಯಾವ ಮನೆಗೂ ಈ ಪ್ರಶ್ನೆಗಳು ಹೊರಗಿನವಲ್ಲ. ಹುಡುಗಿಗೆ ವರ ಕೂಡಿಬರದಿರುವುದು, ಕಬ್ಬಿನ ಬಿಲ್ಲು ಬಂದ ದಿನವೇ ಸಾಲಕ್ಕೆ ಹೋಗುವುದು, ಜಾತ್ರೆಗೆ ಬೀಗರನ್ನು ಕರೆಯದಿರುವುದು, ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಅಲ್ಲಿಯವರೆಗೆ ಇವು ಕರ್ಮ, ಹಣೆಬರಹ, ಮನೆತನದ ಮಾನದ ಮಾತುಗಳಾಗಿದ್ದವು. ಅಂಕಿ ಹಚ್ಚಿದ ಮೇಲೆ ವೈದ್ಯರು ಹೊಣೆ ಹೊರಬೇಕಾದ ಸಂಗತಿಗಳಾದವು. ಅಳೆದದ್ದನ್ನು ಇಳಿಸಲೂ ಬಹುದು.

ಇಳಿಸಿಯೂ ತೋರಿಸಿದರು. ಆಸ್ಪತ್ರೆಗೆ ಸೇರಿಸುವ ಬದಲು ಸ್ಕಿಜೋಫ್ರೇನಿಯಾ ಇದ್ದವರನ್ನು ಮನೆಯಲ್ಲೇ ಇಟ್ಟು, ತರಬೇತಾದ ನರ್ಸ್ ಒಬ್ಬರು ಮನೆಗೇ ಹೋಗಿ ರೋಗಿಯನ್ನು ನೋಡಿ, ಮನೆಯವರಿಗೆ ತಿಳಿಹೇಳುವ ಪ್ರಯೋಗ ಬೆಂಗಳೂರಿನಲ್ಲಿ ನಡೆಯಿತು. ಆಸ್ಪತ್ರೆಗೆ ಸೇರಿದವರಿಗಿಂತ ಮನೆಯಲ್ಲಿದ್ದವರು ಚೆನ್ನಾಗಿ ಚೇತರಿಸಿಕೊಂಡರು, ಮನೆಯವರ ಹೊರೆ ಹೆಚ್ಚು ಇಳಿಯಿತು, ಖರ್ಚೂ ಕಡಿಮೆಯಾಯಿತು. ಇಡೀ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಮನೆ ಬಾಗಿಲಿಗೆ ಹೋದ ಆ ನರ್ಸ್.

ಇದನ್ನು ಊರೂರಿಗೆ ಒಯ್ಯುವ ಕೆಲಸ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಶುರುವಾಯಿತು. ನಿಮ್ಹಾನ್ಸ್‌ನ ಸಮುದಾಯ ಮನೋವೈದ್ಯ ವಿಭಾಗ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತೆಯರಿಗೂ ತರಬೇತಿ ಕೊಟ್ಟು ನೋಡಿತು. ಡಾ. ಆರ್. ಶ್ರೀನಿವಾಸಮೂರ್ತಿ, ಡಾ. ಮೋಹನ್ ಐಸಾಕ್, ಡಾ. ಸಿ. ಆರ್. ಚಂದ್ರಶೇಖರ್ ಈ ಕೆಲಸದ ಕೈಗಳು. 1985ರಲ್ಲಿ ಇಡೀ ಬಳ್ಳಾರಿ ಜಿಲ್ಲೆಯನ್ನೇ ತೆಗೆದುಕೊಂಡರು. ಆ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಚಂದ್ರಶೇಖರ್ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದು, ವೈದ್ಯರ ಭಾಷೆಯಲ್ಲಿದ್ದುದನ್ನು ಮನೆಯವರ ಕೈಗೆ ಕೊಟ್ಟರು. ಆದರೂ ಕಾರ್ಯಕ್ರಮ ದೊಡ್ಡದಾದಂತೆ ಗುಳಿಗೆ ಮುಂದೆ ಹೋಯಿತು, ಮನೆಯವರ ಜೊತೆಗಿನ ಮಾತು ಹಿಂದೆ ಬಿತ್ತು ಎಂದೇ ನನ್ನ ಅನಿಸಿಕೆ.

ಆ ಕೊರತೆ ತುಂಬಲು ಮನೆಯವರೇ ಎದ್ದರು. ಬೆಂಗಳೂರಿನಲ್ಲಿ ನಿರ್ಮಲಾ ಶ್ರೀನಿವಾಸನ್ ಮೊದಲಾದವರು ‘ಆಮೆಂಡ್’ ಕಟ್ಟಿಕೊಂಡರು. ರೋಗಿಗಳ ಮನೆಯವರೇ ಕೂಡಿ ಒಬ್ಬರಿಗೊಬ್ಬರು ಕಲಿಸುವ ಸಂಘ ಅದು. ನಮ್ಮ ಹೆದ್ದಾರಿಯಲ್ಲೇ ಉತ್ತರಕ್ಕೆ ಹೋದರೆ ಸಿಗುವ ಸಾತಾರಾ ಜಿಲ್ಲೆ, ಗೋವಾ ಮತ್ತು ತಮಿಳುನಾಡಿನಲ್ಲಿ 282 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲ 2014ರಲ್ಲಿ ಬಂತು. ಊರಿನ ಸಾಮಾನ್ಯ ಕಾರ್ಯಕರ್ತರು ತರಬೇತಿ ಪಡೆದು ಮನೆಗೆ ಹೋಗಿ ರೋಗಿಗೂ ಮನೆಯವರಿಗೂ ಜೊತೆಯಾದಾಗ, ಆಸ್ಪತ್ರೆಯ ಚಿಕಿತ್ಸೆಯಷ್ಟೇ ಪಡೆದವರಿಗಿಂತ ಫಲ ತುಸು ಹೆಚ್ಚಾಗಿತ್ತು. ತುಸು ಮಾತ್ರ, ಅದನ್ನು ಮುಚ್ಚಿಡಬಾರದು. ದೀರ್ಘ ಕಾಲದ ರೋಗದಲ್ಲಿ ಆ ತುಸುವಿನಿಂದಲೂ ಒಂದು ಮನೆ ಉಸಿರಾಡುತ್ತದೆ.

ಈಗ ಧಾರವಾಡದವರೆಗೆ ಹೋಗದೆಯೂ ಒಂದು ದಾರಿ ಇದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆ ರಾಜ್ಯದಲ್ಲಿದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್‌ನ 14416ಕ್ಕೆ ಹಗಲುರಾತ್ರಿ ಯಾವಾಗ ಫೋನ್ ಮಾಡಿದರೂ ಹಣವಿಲ್ಲದೆ ಕನ್ನಡದಲ್ಲಿ ಮಾತಾಡಬಹುದು, ರೋಗಿಯೇ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು. ನಾನು ಕೇಳುವುದು ಇದಕ್ಕಿಂತ ಒಂದು ಹೆಜ್ಜೆ ಹೆಚ್ಚು. ಮಂಗಳವಾರ ಹುಕ್ಕೇರಿಗೋ ಗೋಕಾಕಕ್ಕೋ ರೋಗಿಯನ್ನು ಕರೆತರುವವರನ್ನು ಒಂದು ತಾಸು ಬೇರೆ ಕೂರಿಸಿ, ‘ಯಾವ್ವಾ, ನಿನಗ ನಿದ್ದಿ ಹತ್ತತೈತೇನ? ಸಾಲ ಎಷ್ಟ ಆಗೇತಿ? ಊಟ ಹೊತ್ತಿಗೆ ಮಾಡ್ತೀಯೇನ?’ ಎಂದು ಆ 24 ಅಂಶಗಳನ್ನು ನಮ್ಮ ಮಾತಿನಲ್ಲೇ ಕೇಳಬೇಕು. ಕೇಳಲು ಆಶಾ ಕಾರ್ಯಕರ್ತೆ ಸಾಕು. ಕೂರಲು ಸ್ತ್ರೀಶಕ್ತಿ ಸಂಘದ ಕೋಣೆ ಸಾಕು. ಗುಳಿಗೆ ನುಂಗಿಸುವುದು ಹೇಗೆ, ಮತ್ತೆ ರೋಗ ಏರುವ ಮೊದಲ ಗುರುತು ಯಾವುದು, ನಿದ್ದೆಗೆಟ್ಟಿತೇ, ಮಾತು ಕಡಿಮೆಯಾಯಿತೇ, ಅಂಗವಿಕಲರ ಮಾಸಾಶನಕ್ಕೆ ಯಾವ ಕಾಗದ ಬೇಕು, ಇವನ್ನು ಒಬ್ಬ ತಾಯಿ ಇನ್ನೊಬ್ಬ ತಾಯಿಗೆ ಹೇಳಿಕೊಡಬಲ್ಲಳು.